ಎರಡನೇ ಡಿಕಾಕ್ಷನ್

ಹಾಸನ

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಅಕ್ಕನ ಸೀಮಂತದ ಊಟದಲ್ಲಿ ಭಾವನ ಊರಿನವರ ಜಿಪುಣತನದ ಮೇಲೆ ಜೋಕು ಹೇಳಿದೆಯಲ್ಲ, ಪಂಕ್ತಿಯೆಲ್ಲ ನಕ್ಕಿತು. ಎದುರಿಗೆ ಕೂತಿದ್ದ ಅಕ್ಕನ ಅತ್ತೆ ಮಾತ್ರ ಸುಮ್ನೆ ಹಪ್ಪಳ ಮುರಿಯುತ್ತಾ ಎಲೆ ನೋಡುತ್ತಿದ್ದರು. ಅದು ನನ್ನ ಕಣ್ಣಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸವೆಯಬಾರದು ಅಂತ ರಾತ್ರಿ ಗಡಿಯಾರ ನಿಲ್ಲಿಸುವವರ ಕಥೆ ಅಲ್ವಾ ಅದು? ಬಲ್ಗೇರಿಯಾದಲ್ಲಿ ಗಾಬ್ರೊವೊ ಅಂತ ಒಂದು ಊರಿದೆ. ಅಲ್ಲಿಯವರ ಮೇಲೂ ಇದೇ ಕಥೆ. ಸ್ಕಾಟ್ಲೆಂಡಿನ ಅಬರ್ಡೀನ್‌ನವರ ಮೇಲೂ ಇಂಥವು ಬೇಕಾದಷ್ಟಿವೆ. ಊರಿನ ಹೆಸರು ಬದಲಾಯಿಸಿದರೆ ಆಯ್ತು, ಜೋಕು ಎಲ್ಲಿ ಬೇಕಾದರೂ ನಡೆಯುತ್ತದೆ.

ಗಾಬ್ರೊವೊ ಬೆಟ್ಟದ ಸೀಮೆ. ಉಳುವ ನೆಲ ಕಡಿಮೆ. ಕಸುಬು, ವ್ಯಾಪಾರವೇ ಅನ್ನ. ಹೊರಗಿನವರು ಅವರನ್ನು ಕಂಡದ್ದೆಲ್ಲ ಚೌಕಾಸಿಯ ಹೊತ್ತಿನಲ್ಲೇ.

ನಿನ್ನ ತಾತನನ್ನೂ ಜನ ಹಾಗೇ ಕಂಡರು. ಆಲೂಗಡ್ಡೆ ಬೆಳೆ ನಿನಗೆ ಗೊತ್ತಲ್ಲ. ಬಿತ್ತನೆ ಗಡ್ಡೆಗೇ ಕೈಯಲ್ಲಿದ್ದ ದುಡ್ಡೆಲ್ಲ ಹೋಗುತ್ತದೆ. ಮೋಡ ಮುಚ್ಚಿ ಅಂಗಮಾರಿ ರೋಗ ಬಿದ್ದರೆ ಹೊಲವೇ ಕಪ್ಪು. ಅದಕ್ಕೇ ತಾತ ಮಂಡಿಯಲ್ಲಿ ಒಂದೊಂದು ನಾಣ್ಯವನ್ನೂ ಎರಡು ಸಲ ಎಣಿಸಿ, ಪಂಚೆಯ ಅಂಚಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಮಂಡಿಯವರು ‘ಜುಗ್ಗ’ ಅಂತ ಹೆಸರಿಟ್ಟರು. ಮನೆಗೆ ನೆಂಟರು ಬಂದರೆ ಅದೇ ತಾತ ಮೊದಲನೇ ಡಿಕಾಕ್ಷನ್ ಪೂರ್ತಿ ಅವರಿಗೇ ಕೊಡಿಸುತ್ತಿದ್ದರು. ಆಮೇಲೆ ಅದೇ ಪುಡಿಗೆ ಇನ್ನೊಮ್ಮೆ ಬಿಸಿನೀರು ಹುಯ್ಯಿಸಿ, ಆ ತೆಳ್ಳನೆಯ ಕಾಫಿಯನ್ನು ಒಲೆ ಪಕ್ಕ ಕೂತು ತಾವು ಕುಡಿಯುತ್ತಿದ್ದರು. ಆ ಲೋಟವನ್ನು ಮಂಡಿಯವರು ಯಾರೂ ನೋಡಲಿಲ್ಲ.

ನಗಲೇಬೇಡ ಅಂತಿಲ್ಲ ಮಗು. ಗಾಬ್ರೊವೊದವರು ತಮ್ಮ ಮೇಲಿನ ಜೋಕುಗಳನ್ನು ತಾವೇ ಹೇಳಿಕೊಂಡು ನಗುತ್ತಾರೆ. ಬೆಕ್ಕು ಒಳಗೆ ಬಂದ ತಕ್ಷಣ ಬಾಗಿಲು ಹಾಕಿದರೆ ಮನೆಯ ಬಿಸಿ ಉಳಿಯುತ್ತೆ ಅಂತ ಅದರ ಬಾಲವನ್ನೇ ಕತ್ತರಿಸಿದರಂತೆ! ಆ ಮೋಟು ಬಾಲದ ಬೆಕ್ಕೇ ಈಗ ಊರಿನ ಗುರುತು. 1972ರ ಏಪ್ರಿಲ್ 1ಕ್ಕೆ ಹಾಸ್ಯಕ್ಕೆಂದೇ ಒಂದು ಭವನವನ್ನೂ ತೆರೆದರು. ಅದು ಅವರ ಮಾತು, ಅವರ ಬಾಯಲ್ಲಿ ಚೆಂದ. ನೀನು ಹೇಳಿದ್ದು ಎಲೆ ಮುಂದಿನಿಂದ ಎದ್ದು ಹೋಗಲಾಗದೆ ಕೂತವರ ಎದುರಿಗೆ.

ಈ ಭಾನುವಾರ ಅಕ್ಕನ ಅತ್ತೆ ಮನೆಗೆ ಹೋಗಿ ಬಾ. ಕಾಫಿಪುಡಿ ಕಟ್ಟಿಸಿಟ್ಟಿದ್ದೇನೆ, ತಗೊಂಡು ಹೋಗು. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆ ಹೇಗೆ ನಡೆಯುತ್ತಿತ್ತು ಅಂತ ಕೇಳು. ನಡುವೆ ಅವರಾಗಿಯೇ ಒಂದು ಜೋಕು ಹೇಳಿದರೆ ಜೋರಾಗಿ ನಗು.

ಇಂತಿ,
ನಿನ್ನ ದೊಡ್ಡಪ್ಪ