ಹೊಸ ಹವಳದ ಟ್ಯಾಂಕಿಗೆ ಹೊಂದದ ಮೀನುಗಳನ್ನು ಕಳಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ‘ಹೊಸ ರೀಫ್ ಟ್ಯಾಂಕಿಗೆ ತಜ್ಞರು ಆರಿಸಿದ ಮೀನುಗಳು’ ಎಂದು ನೀವು ಕಳಿಸಿದ ಮೀನುಗಳ ಕುರಿತು

ಮಾನ್ಯರೇ,

ನಿಮ್ಮ ಆರ್ಡರ್ ಫಾರಂನಲ್ಲಿ ಮೂರು ಪ್ರಶ್ನೆಗಳಿದ್ದವು: ಟ್ಯಾಂಕ್ ಎಷ್ಟು ಲೀಟರಿನದು, ಶುರು ಮಾಡಿ ಎಷ್ಟು ದಿನವಾಯಿತು, ಯಾವ ಹವಳಗಳಿವೆ. ಮೂರಕ್ಕೂ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ. 200 ಲೀಟರ್, 7 ವಾರ, ಝೋವಾಂಥಸ್ ಹವಳ. ಈ ಉತ್ತರಗಳನ್ನು ನೋಡಿಯೇ ಮೀನು ಆರಿಸುತ್ತೇವೆ ಎಂಬುದು ನಿಮ್ಮ ಮಾತು. ಬಂದ ಚೀಲಗಳನ್ನು ಬಿಚ್ಚಿ ನೋಡಿದಾಗ ಆ ಫಾರಂ ಅನ್ನು ಯಾರೂ ಓದಿಲ್ಲ ಎಂದು ಗೊತ್ತಾಯಿತು. ಒಂದು ಮ್ಯಾಂಡರಿನ್, ಒಂದು ಬ್ಲೂ ಟ್ಯಾಂಗ್, ಒಂದು ರಕೂನ್ ಬಟರ್‌ಫ್ಲೈ, ಪಟ್ಟೆಗಳಿರುವ ಡ್ಯಾಮ್ಸೆಲ್ ಮೂರು, ಒಂದು ಜೋಡಿ ಕ್ಲೌನ್, ಎಲ್ಲ ಒಂದೇ ದಿನ ಬಂದವು.

ಮ್ಯಾಂಡರಿನ್ ವಿಷಯ ಮೊದಲು ಹೇಳುತ್ತೇನೆ, ನನಗೆ ಇವತ್ತಿಗೂ ಸಂಕಟವಾಗುವುದು ಅದನ್ನು ನೆನೆದರೆ. ಅದು ಕಲ್ಲಿನ ಸಂದುಗಳಲ್ಲಿ ಬೆಳೆಯುವ ಕೋಪೆಪಾಡ್ ಎಂಬ ಚುಕ್ಕೆಯಷ್ಟು ಸಣ್ಣ ಜೀವಿಗಳನ್ನು ಹಗಲಿಡೀ ಒಂದೊಂದಾಗಿ ಹೆಕ್ಕಿ ತಿಂದು ಬದುಕುವ ಮೀನು. 7 ವಾರದ ಟ್ಯಾಂಕಿನಲ್ಲಿ ಅದರ ಹೊಟ್ಟೆ ತುಂಬುವಷ್ಟು ಕೋಪೆಪಾಡ್‌ಗಳು ಎಲ್ಲಿಂದ ಬರಬೇಕು? ಬಂದಾಗಲೇ ಅದರ ಹೊಟ್ಟೆ ಒಳಸೇರಿತ್ತು. ಪೆಲೆಟ್ (ಒಣ ಕಾಳಿನಂಥ ಆಹಾರ) ಹಾಕಿದೆ, ಫ್ರೋಜನ್ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ಹಾಕಿದೆ, ಪಿಪೆಟ್ಟಿನಿಂದ ಬಾಯಿಯ ಹತ್ತಿರಕ್ಕೇ ಬಿಟ್ಟೆ. ಒಂದು ಕಣ್ಣು ತಿರುಗಿಸಿ ನೋಡುತ್ತಿತ್ತು, ಮತ್ತೆ ಹೋಗಿ ಬರಿಗಲ್ಲನ್ನೇ ಕುಕ್ಕುತ್ತಿತ್ತು. ಕೊನೆಕೊನೆಗೆ ಮೇಲಿನಿಂದ ನೋಡಿದರೆ ಮೈಗಿಂತ ತಲೆಯೇ ಅಗಲವಾಗಿ ಕಾಣುತ್ತಿತ್ತು. 11ನೇ ದಿನ ಬೆಳಿಗ್ಗೆ ಮರಳಿನ ಮೇಲೆ ಸತ್ತು ಬಿದ್ದಿತ್ತು. ರೋಗ ಬಂದು ಸತ್ತಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಅದು ನನ್ನ ಕಣ್ಣೆದುರೇ ಹಸಿದು ಸತ್ತಿತು.

ಮರುದಿನ ಬ್ಲೂ ಟ್ಯಾಂಗ್ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡವು, ಪರಾವಲಂಬಿಯಿಂದ ಬರುವ ರೋಗ ಅದು. ಕ್ವಾರಂಟೈನ್ ಮಾಡಿದ ಮೀನು ಎಂದು ನಿಮ್ಮ ಚೀಟಿಯಲ್ಲಿತ್ತು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ, ತಾಮ್ರದ ಔಷಧವನ್ನು ಟ್ಯಾಂಕಿಗೇ ಸುರಿಯಿರಿ ಎಂದರು. ಹವಳಗಳಿವೆ ಎಂದು ಎರಡು ಸಲ ಹೇಳಿದೆ. ಪರವಾಗಿಲ್ಲ ಎಂದರು. ತಾಮ್ರ ಮೀನಿನ ಮೇಲಿನ ಪರಾವಲಂಬಿಯನ್ನು ಕೊಲ್ಲುವ ಹಾಗೆಯೇ ಹವಳ, ಸೀಗಡಿ, ಬಸವನಹುಳುಗಳನ್ನೂ ಕೊಲ್ಲುತ್ತದೆ, ಕಲ್ಲು ಮರಳಿನಲ್ಲಿ ಸೇರಿಕೊಂಡು ಆಮೇಲೂ ಕಾಡುತ್ತದೆ. ನಾನು ಆ ಮಾತು ಕೇಳಲಿಲ್ಲ. ಮೀನುಗಳನ್ನೆಲ್ಲ ಹಿಡಿದು ಬೇರೆ ತೊಟ್ಟಿಗೆ ಹಾಕಿ ಅಲ್ಲಿಯೇ ಚಿಕಿತ್ಸೆ ಕೊಡುತ್ತಿದ್ದೇನೆ. ಮೀನು ಸಿಗದೆ ಆ ಪರಾವಲಂಬಿ ಸಾಯಲಿ ಎಂದು ಹವಳದ ಟ್ಯಾಂಕನ್ನು ಎರಡೂವರೆ ತಿಂಗಳು ಖಾಲಿ ಬಿಡಬೇಕಾಗಿದೆ. ಹೊಸದಾಗಿ ಶುರು ಮಾಡಿದ ಬೇರೊಬ್ಬರು ನಿಮ್ಮ ಮಾತು ನಂಬಿ ಔಷಧ ಸುರಿದಿದ್ದರೆ?

ಟ್ಯಾಂಗ್‌ಗೆ ರೋಗ ಇಲ್ಲದಿದ್ದರೂ ಅದು 200 ಲೀಟರಿನ ಮೀನಲ್ಲ. ಈಗ ಬೆಂಕಿಪೊಟ್ಟಣದಷ್ಟಿದೆ, ಆದರೆ 30 ಸೆಂಟಿಮೀಟರ್‌ವರೆಗೆ ಬೆಳೆಯುವ, ದಿನವಿಡೀ ಈಜಾಡುವ ಜಾತಿ. ಬಟರ್‌ಫ್ಲೈ ಬಂದ ದಿನ ಮಧ್ಯಾಹ್ನವೇ ಝೋವಾಂಥಸ್ ಕಿತ್ತು ತಿನ್ನತೊಡಗಿತು, ಉಳಿದವು ಮುದುಡಿಕೊಂಡವು. ಡ್ಯಾಮ್ಸೆಲ್‌ಗಳು ಎಲ್ಲರಿಗಿಂತ ಕೊನೆಗೆ ಬರಬೇಕಾದವು. ಮೊದಲ ದಿನವೇ ಕಲ್ಲುಗಳನ್ನೆಲ್ಲ ತಮ್ಮದು ಮಾಡಿಕೊಂಡು ಕ್ಲೌನ್ ಜೋಡಿಯನ್ನು ಮೂಲೆಗೆ ಅಟ್ಟಿದವು. ಇಷ್ಟನ್ನೂ ಒಟ್ಟಿಗೆ ಬಿಟ್ಟದ್ದರಿಂದ, ಸೊನ್ನೆಗೆ ಇಳಿದಿದ್ದ ಅಮೋನಿಯಾ (ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷ) ಮತ್ತೆ ಲೀಟರಿಗೆ 0.5 ಮಿಲಿಗ್ರಾಂಗೆ ಏರಿತು. ಒಟ್ಟಿಗೆ ಬಿಟ್ಟದ್ದು ನನ್ನ ತಪ್ಪೂ ಹೌದು. ಚೀಲದಲ್ಲಿ ಬಂದ ಜೀವಗಳನ್ನು ಎಷ್ಟು ಹೊತ್ತು ಹಾಗೇ ಇಟ್ಟುಕೊಳ್ಳಲಿ?

ಕ್ಲೌನ್ ಜೋಡಿ ಮಾತ್ರ ಸರಿಯಾದ ಆಯ್ಕೆ. ಸಾಕಣೆಯಲ್ಲೇ ಹುಟ್ಟಿದವು, ಮೊದಲ ದಿನದಿಂದ ಪೆಲೆಟ್ ತಿನ್ನುತ್ತಿವೆ. ಆ ಎರಡನ್ನೇ ಮೊದಲು ಕಳಿಸಿ, ಮಿಕ್ಕವಕ್ಕೆ ತಿಂಗಳು ಕಾಯಿರಿ ಎಂದಿದ್ದರೆ ಖುಷಿಯಿಂದ ಕಾಯುತ್ತಿದ್ದೆ.

ಚಿಕಿತ್ಸೆ ಮುಗಿದ ಮೇಲೆ ಟ್ಯಾಂಗ್, ಬಟರ್‌ಫ್ಲೈ, ಡ್ಯಾಮ್ಸೆಲ್‌ಗಳನ್ನು ನೀವು ವಾಪಸ್ ಪಡೆಯಬೇಕು, ಅವುಗಳ ಮತ್ತು ಮ್ಯಾಂಡರಿನ್‌ನ ಹಣ ಮರಳಿಸಬೇಕು. ಹೊಸ ಟ್ಯಾಂಕಿನವರಿಗೆ ಮ್ಯಾಂಡರಿನ್ ಕಳಿಸುವುದನ್ನು ನಿಲ್ಲಿಸಬೇಕು. ತಾಮ್ರದ ಸಲಹೆಯನ್ನು ಸಹಾಯವಾಣಿಯವರು ಇವತ್ತಿನಿಂದಲೇ ಕೈಬಿಡಬೇಕು. ಹಣ ತಡವಾದರೂ ಇದು ತಡವಾಗಬಾರದು. ಮ್ಯಾಂಡರಿನ್‌ನ ಫೋಟೋಗಳು, ನೀರಿನ ಪರೀಕ್ಷೆಯ ಟಿಪ್ಪಣಿ, ನಾನು ತುಂಬಿದ ಫಾರಂನ ಪ್ರತಿ ಇದರೊಂದಿಗಿವೆ. 15 ದಿನದೊಳಗೆ ಲಿಖಿತ ಉತ್ತರ ಕೊಡಿ.

ಇತಿ,
ನಿಮ್ಮ ಗ್ರಾಹಕ