ದೇವರ ಚಿತ್ತ ಅಂತ ಬರೆಯೋ ಮೊದಲು

ಪ್ರೀತಿಯ ತಮ್ಮಾ,

ನಿನ್ನ ಕತೆ ಎರಡು ಸಲ ಓದಿದೆ. ಅಡಿಕೆಗೆ ಮದ್ದು ಬಿಡ್ಲಿಕ್ಕೆ ಮರ ಹತ್ತಿದವ ಜಾರಿ ಬೀಳುವಲ್ಲಿವರೆಗೆ ಎಷ್ಟು ಚಂದ ಬರ್ದಿದ್ದಿ ಮಾರಾಯ, ಮಳೆಗೆ ನೆನೆದ ಮರದ ವಾಸನೆ ಕೂಡ ಬಂತು. ಆಮೇಲೆ ಫಾದರ್ ಬರ್ತಾರೆ, "ಎಲ್ಲಾ ದೇವರ ಚಿತ್ತ" ಅಂತಾರೆ, ಹೆಂಡತಿ ಕಣ್ಣೊರೆಸಿಕೊಳ್ತಾಳೆ, ಕತೆ ಮುಗೀತು. ಅಲ್ಲಿ ನಂಗೆ ಸಂಕಟ ಆಯ್ತು, ಅದಕ್ಕೇ ಈ ಪತ್ರ.

ನಮ್ಮ ಬೇಳದ ಕಡೆ ನನ್ನ ದೊಡ್ಡಪ್ಪನ ಮಗ ಹೋದದ್ದೂ ಹೀಗೇ. ಅವ ಸತ್ತು ತಿಂಗಳಾದಾಗಿನ ಪೂಜೆಗೆ ಬಂದವರೊಬ್ಬರು ದೊಡ್ಡಮ್ಮನ ಹತ್ರ ಅದೇ ಮಾತು ಹೇಳಿದ್ರು. ದೊಡ್ಡಮ್ಮ ಅಡಿಕೆ ಸುಲಿತಾ ಕೂತಿದ್ರು, ಕೈ ನಿಂತಿತು, ಅರ್ಧ ಸುಲಿದ ಅಡಿಕೆ ಹಿಡ್ಕೊಂಡೇ "ಕಾಲಿಗೆ ಹಾಕಿ ಮರ ಹತ್ತುವ ತಳೆ ಸವ್ದಿದೆ, ಹೊಸತು ಮಾಡು ಅಂತ ನಾನು ಹೇಳಿದ್ದೆ, ಅವ ನಾಳೆ ಅಂದ, ಆ ನಾಳೆ ಕೂಡ ದೇವರ ಚಿತ್ತವಾ?" ಅಂತ ಕೇಳಿದ್ರು. ಯಾರೂ ಮಾತಾಡ್ಲಿಲ್ಲ. ಆ ರಾತ್ರಿ ತೇರ್ಸ, ಅಂದ್ರೆ ಜಪಮಾಲೆ ಪ್ರಾರ್ಥನೆ, ಹೇಳುವಾಗ "ನಿನ್ನ ಚಿತ್ತ ನೆರವೇರಲಿ" ಅನ್ನುವಲ್ಲಿ ಅವರ ಸ್ವರ ಸ್ವಲ್ಪವೂ ಇಳಿಲಿಲ್ಲ. ಈ ಎರಡೂ ಒಬ್ಬರೇ ಹೆಂಗಸಿನ ಬಾಯಿಂದ ಬಂದದ್ದು, ಒಂದೇ ದಿನ.

ನೀನು ಮೂರು ಕಡೆ ಹಣೆಬರಹ ಅಂತ ಬರ್ದಿದ್ದಿ. ದಯವಿಟ್ಟು ಆ ಪದ ಇಲ್ಲಿ ಬೇಡ. ಹಣೆಬರಹ ಯಾರ ಮಾತೂ ಕೇಳುದಿಲ್ಲ. ಚಿತ್ತ ಅಂದ್ರೆ ಅದರ ಹಿಂದೆ ಒಬ್ಬ ಇದ್ದಾನೆ, ಅವನ ಹತ್ರ ಜಗಳ ಆಡ್ಬಹುದು, ಬೈಬಲಿನಲ್ಲಿ ಎಲ್ಲಾ ಕಳ್ಕೊಂಡ ಯೋಬ ಆಡಿದ್ದಾನೆ, ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆ ನನ್ನಿಂದ ದೂರ ಮಾಡು ಅಂತ ಬೇಡಿಕೊಂಡು ಆಮೇಲೆ ತನ್ನನ್ನ ಒಪ್ಪಿಸಿದ್ದು.

ಬೈಬಲಿನ ವಿಮೋಚನಾಕಾಂಡ ತೆಗೆದು ನೋಡು. 9ನೇ ಅಧ್ಯಾಯದ ಕೊನೆಗೆ ಐಗುಪ್ತದ ಅರಸ ಫರೋಹ ತನ್ನ ಮನಸ್ಸನ್ನ ತಾನೇ ಕಲ್ಲು ಮಾಡ್ಕೊಂಡ ಅಂತ ಉಂಟು, ಪುಟ ತಿರುಗಿಸುವಷ್ಟರಲ್ಲಿ 10ರ ಮೊದಲ ವಚನದಲ್ಲಿ ಕಲ್ಲು ಮಾಡಿದ್ದು ನಾನೇ ಅಂತ ದೇವರು ಹೇಳ್ತಾನೆ. ನಡುವೆ ವಿವರಣೆ ಒಂದು ಸಾಲೂ ಇಲ್ಲ. ಬರೆದವನಿಗೆ ಎಂಥ ಧೈರ್ಯ ಅಂತ ನಂಗೆ ಈಗಲೂ ಅನಿಸ್ತದೆ.

ದೇವರ ಚಿತ್ತ ಎಷ್ಟು, ಮನುಷ್ಯನ ಆಯ್ಕೆ ಎಷ್ಟು ಅನ್ನುದು ದೊಡ್ಡ ಪಂಡಿತರಿಗೂ ಬಗೆಹರಿಲಿಲ್ಲ. 1588ರಲ್ಲಿ ಮೊಲಿನಾ ಅನ್ನೋ ಯೇಸುಸಭೆಯ ಪಾದ್ರಿ, ಯಾವ ಸಂದರ್ಭದಲ್ಲಿ ಯಾರು ಎಂತ ಆರಿಸ್ಕೊಳ್ತಾರೆ ಅಂತ ದೇವರಿಗೆ ಮೊದಲೇ ಗೊತ್ತು, ಆದ್ರೆ ಆರಿಸುವವ ಮನುಷ್ಯನೇ ಅಂತ ಬರೆದ್ರು. ಬಾನ್ಯೆಸ್ ಅನ್ನೋ, ಡೊಮಿನಿಕನ್ ಅಂತ ಇನ್ನೊಂದು ಸಂಘದ ಪಾದ್ರಿ ಒಪ್ಪಲಿಲ್ಲ, ಕೃಪೆಯ ಬಲ ದೇವರದ್ದೇ, ಅದು ನಮ್ಮ ಒಪ್ಪಿಗೆಗೆ ಕಾದು ಕೂರುದಿಲ್ಲ ಅಂದ್ರು. ಜಗಳ ರೋಮಿಗೆ ಹೋಗಿ ವರ್ಷಗಟ್ಟಲೆ ವಿಚಾರಣೆ ನಡೀತು, ಕೊನೆಗೆ 1607ರಲ್ಲಿ ಪೋಪ್ ಐದನೇ ಪೌಲರು ಯಾರ ಕಡೆಗೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಖಂಡಿಸಬೇಡಿ ಅಂತ ಹೇಳಿ ಕಳಿಸಿದ್ರು. ರೋಮೇ ತೆರೆದಿಟ್ಟ ಪ್ರಶ್ನೆಯನ್ನ ನೀನು ಕೊನೆಯ ಒಂದು ಸಾಲಲ್ಲಿ ಮುಚ್ಚಿಬಿಟ್ಟಿದ್ದಿ.

ಫಾದರ್ ಬಾಯಿಂದ ಆ ಮಾತು ತೆಗಿ ಅಂತ ನಾನು ಹೇಳುದಿಲ್ಲ, ಅವರು ನಂಬಿಯೇ ಹೇಳುದು, ನಾನೂ ನಂಬ್ತೇನೆ. ಅವರು ಹೇಳಿ ಎದ್ದು ಹೋದ ಮೇಲೆ ಕತೆ ಇನ್ನೂ ನಡೀಲಿ. ಮರದ ಬುಡದಲ್ಲಿ ಬಿದ್ದಿದ್ದ ಆ ತಳೆಯನ್ನ ಹೆಂಡತಿ ಎಂತ ಮಾಡಿದ್ಳು? ಅಲ್ಲಿಂದ ಬರೆದು ಕಳಿಸು, ಸಂಜೆ ಹೊತ್ತು ನಾನು ಮನೇಲೇ ಇರ್ತೇನೆ.

ನಿನ್ನ ಅಣ್ಣ