ಲಂಗರು ಬಿದ್ದರೆ ಸಾಲದು, ಹೂತಿರಬೇಕು

ಮಾನ್ಯ ಸಂಪಾದಕರೇ,

ಹಾಯಿದೋಣಿ ಪ್ರವಾಸದ ಬರಹಗಳಲ್ಲಿ ಲಂಗರಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು: ಬಂದರಿಗೆ ಬಂದರು, ಲಂಗರು ಇಳಿಸಿದರು, ದಡಕ್ಕೆ ಹೋದರು. ಓದಿದವರು ಲಂಗರೆಂದರೆ ತನ್ನ ತೂಕದಿಂದ ದೋಣಿಯನ್ನು ತಡೆದು ನಿಲ್ಲಿಸುವ ಕಬ್ಬಿಣದ ಗುಂಡು ಎಂದುಕೊಂಡರೆ ಅದು ಅವರ ತಪ್ಪಲ್ಲ. ಆರೇಳು ಟನ್ನಿನ ದೋಣಿಯನ್ನು 20 ಕೆ.ಜಿ. ಕಬ್ಬಿಣ ಬರೀ ತೂಕದಿಂದ ಹಿಡಿಯಲಾರದು. ಅದು ಹಿಡಿಯುವುದು ನೇಗಿಲ ಗುಳದ ಹಾಗೆ ತಳದ ಮಣ್ಣಿನಲ್ಲಿ ಹೂತುಕೊಂಡು. ಹೂತುಕೊಳ್ಳುವುದು ಎಳೆತ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಂದಾಗ ಮಾತ್ರ. ಖಾಲಿ ಕೊಲ್ಲಿಯಲ್ಲಿ ಒಂದು ರಾತ್ರಿಗೆ ಅರೆಬರೆ ಕೆಲಸವೂ ನಡೆದುಹೋದೀತು. ದೋಣಿಗಳು ಕಿಕ್ಕಿರಿದ ಬಂದರಿನಲ್ಲಿ ನಾಲ್ಕೈದು ದಿನ ನಿಲ್ಲುವವರಿಗೆ ಅದು ಸಾಲದು. ಆ ಕುರಿತು ಕೆಲವು ಮಾತು.

ಆಳದ ಐದು ಪಟ್ಟು ಸರಪಳಿ ಬಿಡಬೇಕು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಎಡವುವುದು 'ಆಳ' ಎಂಬ ಮಾತಿನಲ್ಲಿ. ಅಳೆಯಬೇಕಾದದ್ದು ನೀರಿನ ಮೇಲ್ಮೈಯಿಂದಲ್ಲ, ದೋಣಿಯ ಮೂತಿಯಲ್ಲಿ ಸರಪಳಿ ಹೊರಬೀಳುವ ರೋಲರಿನಿಂದ. ಅದೂ ಈಗಿನ ನೀರಿಗಲ್ಲ, ನಿಲ್ಲುವಷ್ಟು ದಿನಗಳಲ್ಲಿ ಬರುವ ಅತಿ ದೊಡ್ಡ ಭರತಕ್ಕೆ. ಅಷ್ಟಮಿಯ ಆಸುಪಾಸಿನಲ್ಲಿ ಭರತ ಇಳಿತಗಳ ಅಂತರ ಸಣ್ಣದು. ಒಂದು ವಾರದೊಳಗೆ ಹುಣ್ಣಿಮೆಯೋ ಅಮಾವಾಸ್ಯೆಯೋ ಬಂದು ಅದು ಹಿಗ್ಗುತ್ತದೆ. ಒಂದು ಉದಾಹರಣೆ ನೋಡಿ. ಅಷ್ಟಮಿಯ ಇಳಿತದಲ್ಲಿ ನೀರು 5 ಮೀಟರ್ ಇದೆ. ಅಂದಿನ ಭರತಕ್ಕೆ 6 ಮೀಟರ್, ಹುಣ್ಣಿಮೆಯ ಭರತಕ್ಕೆ 6.7 ಮೀಟರ್ ಆಗುತ್ತದೆ. ರೋಲರ್ ನೀರಿನಿಂದ 1.3 ಮೀಟರ್ ಮೇಲಿದೆ. ಅಲ್ಲಿಗೆ ಲೆಕ್ಕದ ಆಳ 8 ಮೀಟರ್, ಬಿಡಬೇಕಾದ ಸರಪಳಿ 40 ಮೀಟರ್. ಬಂದ ಹೊತ್ತಿನ 5 ಮೀಟರನ್ನೇ ನಂಬಿ 25 ಮೀಟರ್ ಬಿಟ್ಟವರಿಗೆ ಹುಣ್ಣಿಮೆಯ ರಾತ್ರಿ ಉಳಿಯುವುದು ಮೂರು ಪಟ್ಟು ಮಾತ್ರ. ಇನ್ನೊಂದು ತೊಡಕು: ಆಳ ತೋರಿಸುವ ಉಪಕರಣ ಕೆಲವು ದೋಣಿಗಳಲ್ಲಿ ಕೀಲಿನ (ದೋಣಿಯ ಅಡಿಯಿಂದ ನೀರಿಗೆ ಇಳಿದ ಭಾಗದ) ಕೆಳಗಿನ ನೀರನ್ನಷ್ಟೇ ತೋರಿಸುವಂತೆ ಹೊಂದಿಸಿರುತ್ತದೆ. ಬಾಡಿಗೆ ದೋಣಿಯಾದರೆ ಮೊದಲು ಅದನ್ನು ಕೇಳಿಕೊಳ್ಳಿ.

ಮೂರು ಪಟ್ಟು ಏಕೆ ಸಾಲದು? ಜೋರು ಗಾಳಿಗೆ ಸರಪಳಿ ಬಿಗಿದು ನೇರವಾದಾಗ, ಮೂರು ಪಟ್ಟಿಗೆ ಅದು ತಳದೊಂದಿಗೆ ಮಾಡುವ ಕೋನ ಸುಮಾರು 19 ಡಿಗ್ರಿ. ಐದು ಪಟ್ಟಿಗೆ 11.5, ಏಳಕ್ಕೆ 8, ಹತ್ತಕ್ಕೆ ಆರಕ್ಕೂ ಕಡಿಮೆ. ಕೋನ ಏರಿದಷ್ಟೂ ಎಳೆತ ಲಂಗರನ್ನು ಹೂಳುವ ಬದಲು ಕೀಳತೊಡಗುತ್ತದೆ. ಮೂರರಿಂದ ಐದಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು, ಐದರಿಂದ ಏಳಕ್ಕೆ ಸಣ್ಣದು. ಹಾಗಾಗಿ ಇಕ್ಕಟ್ಟಿನಲ್ಲಿ ಏಳು ಪಟ್ಟಿಗೆ ಹಟ ಹಿಡಿಯಬೇಕಿಲ್ಲ. ನಾಲ್ಕಕ್ಕಿಂತ ಕೆಳಗೆ ಮಾತ್ರ ಇಳಿಯಕೂಡದು. ಜಾಗ ಸಾಲದೆಂದು ಸರಪಳಿ ಮೊಟಕು ಮಾಡುವುದು ಕಿಕ್ಕಿರಿದ ಬಂದರಿನಲ್ಲಿ ದಿನವೂ ಕಾಣುವ ತಪ್ಪು. ಜಾಗ ಸಾಲದಿದ್ದರೆ ಬೇರೆ ಜಾಗ ಹುಡುಕಬೇಕು, ಇಲ್ಲವೇ ದೋಣಿಗೆ ಮೊದಲೇ ಒಂದು ಅಳತೆ ದೊಡ್ಡ ಲಂಗರು ಕಟ್ಟಿಸಿಕೊಂಡಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಟ್ಟರೆ, 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿಯಲ್ಲಿ ಗಟ್ಟಿಯಾಗಿ ನಿಂತ ದೋಣಿ 30 ನಾಟಿಗೆ ಏಕೆ ಜಾರುತ್ತದೆಂದು ಬೇರೆ ಹೇಳಬೇಕಿಲ್ಲ.

ಇನ್ನು ಜಾಗದ ಮಾತು. 40 ಮೀಟರ್ ಸರಪಳಿಯ 11 ಮೀಟರ್ ಉದ್ದದ ದೋಣಿ ತನ್ನ ಲಂಗರಿನ ಸುತ್ತ ಸುಮಾರು 50 ಮೀಟರ್ ತ್ರಿಜ್ಯದ ಚಕ್ರ ಹೊಡೆಯಬಲ್ಲದು. ಕಿಕ್ಕಿರಿದ ಬಂದರಿನಲ್ಲಿ ಈ ಚಕ್ರಗಳು ಒಂದರ ಮೇಲೊಂದು ಹಾಯ್ದೇ ಇರುತ್ತವೆ. ಆದರೂ ದೋಣಿಗಳು ಡಿಕ್ಕಿ ಹೊಡೆಯುವುದಿಲ್ಲ, ಏಕೆಂದರೆ ಎಲ್ಲವೂ ಒಂದೇ ದಿಕ್ಕಿಗೆ ಒಟ್ಟಿಗೆ ತಿರುಗುತ್ತವೆ. ಒಟ್ಟಿಗೆ ತಿರುಗದ ನೆರೆಯವರೇ ಅಪಾಯ. ಆಳದ ಕೀಲಿನ ಹಾಯಿದೋಣಿ ನೀರಿನ ಸೆಳೆತದ ಮಾತು ಕೇಳುತ್ತದೆ. ಹಗುರ ತಳದ ಮೋಟಾರು ದೋಣಿ, ಜೋಡಿ ಒಡಲಿನ ಕ್ಯಾಟಮರಾನ್ ಗಾಳಿಯ ಮಾತು ಕೇಳುತ್ತವೆ. ಪೂರ್ತಿ ಸರಪಳಿ ಬಿಟ್ಟವರು ಮೆಲುಗಾಳಿಯಲ್ಲಿ ಕದಲುವುದೇ ಇಲ್ಲ, ಹಗ್ಗ ಬಿಟ್ಟವರು ಊರೆಲ್ಲ ಅಲೆಯುತ್ತಾರೆ. ತಳಕ್ಕೆ ಬಿಗಿದ ಕಾಯಂ ಬೋಯಿಗೆ (ತೇಲುಗುಂಡಿಗೆ) ಕಟ್ಟಿದ ದೋಣಿ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಆದ್ದರಿಂದ ನಿಮ್ಮಂಥದೇ ದೋಣಿಗಳ ನಡುವೆ ಜಾಗ ಹುಡುಕಿ. ಎಷ್ಟು ಸರಪಳಿ ಬಿಟ್ಟಿದ್ದೀರಿ ಎಂದು ನೆರೆಯ ದೋಣಿಯವರನ್ನು ಕೂಗಿ ಕೇಳುವುದರಲ್ಲಿ ನಾಚಿಕೆಯಿಲ್ಲ, ಕೇಳದಿರುವುದೇ ಅವಿವೇಕ. ಮೊದಲು ಬಂದವರದು ಮೊದಲ ಹಕ್ಕು, ಕಡೆಗೆ ಬಂದವರೇ ಸರಿಯಬೇಕು ಎಂಬುದು ನಾವಿಕರ ನಡುವಿನ ರೂಢಿ.

ಲಂಗರು ಬೀಳಿಸುವ ಬಿಂದುವನ್ನು ಮುಂದಿನ ದೋಣಿಯ ಹಿಂತುದಿಯಿಂದ ತುಸು ಹಿಂದಕ್ಕೆ ಇಟ್ಟುಕೊಳ್ಳಿ. ಸರಪಳಿ ಬಿಡುತ್ತ ಹಿಂದೆ ಸರಿದಾಗ ನಡುವೆ ಸಾಕಷ್ಟು ಅಂತರ ತಾನಾಗಿ ಬರುತ್ತದೆ. ಹಿಂದಿನವರ ಲಂಗರು ಅವರ ದೋಣಿಯಿಂದ ಬಹಳ ಮುಂದಿರುತ್ತದೆ ಎಂಬುದನ್ನು ಮರೆತು ಅದರ ನೆತ್ತಿಯ ಮೇಲೆ ನಿಂತರೆ, ಅವರು ಹೊರಡುವಾಗ ನಿಮ್ಮನ್ನು ಎಬ್ಬಿಸಲೇಬೇಕಾಗುತ್ತದೆ.

ಇಳಿಸುವ ಕ್ರಮ ಹೀಗೆ. ಉಳಿದ ದೋಣಿಗಳು ಮುಖ ಮಾಡಿದ ದಿಕ್ಕಿಗೇ ಮುಖ ಮಾಡಿ ನಿಧಾನ ಬನ್ನಿ. ದೋಣಿ ಪೂರ್ತಿ ನಿಂತಾಗ ಲಂಗರನ್ನು ತಳ ಮುಟ್ಟುವವರೆಗೆ ಇಳಿಸಿ. ದೋಣಿ ಹಿಂದೆ ಸರಿಯತೊಡಗಿದ ಮೇಲೆ ಸರಪಳಿಯನ್ನು ಉದ್ದಕ್ಕೆ ಹಾಸಿದಂತೆ ಬಿಡಿ. ಒಂದೇ ಸಮನೆ ಸುರಿದರೆ ಅದು ಲಂಗರಿನ ಮೇಲೇ ರಾಶಿ ಬಿದ್ದು ಅಲಗಿಗೆ ಸುತ್ತಿಕೊಳ್ಳುತ್ತದೆ. ಲೆಕ್ಕ ತಪ್ಪದಿರಲು ಪ್ರತಿ 10 ಮೀಟರಿಗೆ ಬಣ್ಣದ ಗುರುತು ಇರಬೇಕು. ಅಷ್ಟೂ ಸರಪಳಿ ಹೊರಹೋದ ಮೇಲೆ ಎಂಜಿನ್ನನ್ನು ಹಿಮ್ಮುಖವಾಗಿ ಮೊದಲು ಬಹಳ ಮೆಲ್ಲಗೆ, ಬಳಿಕ ಹಂತಹಂತವಾಗಿ ಏರಿಸಿ, ಕೊನೆಗೆ ಮೂರರಲ್ಲಿ ಎರಡು ಪಾಲು ಬಲದಲ್ಲಿ ಅರ್ಧದಿಂದ ಒಂದು ನಿಮಿಷ ಹಿಡಿಯಿರಿ. ಪಕ್ಕದಲ್ಲಿ ದಡದ ಎರಡು ವಸ್ತುಗಳನ್ನು, ಹತ್ತಿರದ ಕಂಬ ಮತ್ತು ದೂರದ ಮರ ಅನ್ನಿ, ಒಂದೇ ಗೆರೆಯಲ್ಲಿ ಹಿಡಿದು ನೋಡಿ. ಗೆರೆ ಕದಲದಿದ್ದರೆ ಲಂಗರು ಹಿಡಿದಿದೆ. ಜತೆಗೆ ರೋಲರಿನ ಹೊರಗೆ ಸರಪಳಿಯ ಮೇಲೆ ಅಂಗೈ ಇಟ್ಟು ನೋಡಿ: ಗಡಗಡ ಅದುರಿದರೆ ಲಂಗರು ತಳದ ಮೇಲೆ ಉರುಳುತ್ತಿದೆ. ಎರಡು ಸಲ ಹಿಡಿಯದಿದ್ದರೆ ಮೂರನೇ ಸಲ ಅಲ್ಲೇ ಹಾಕಬೇಡಿ, ತಳವೇ ಸರಿಯಿಲ್ಲ. ಮರಳು ಮತ್ತು ಜೇಡಿ ಒಳ್ಳೆಯವು. ಕಡಲಹುಲ್ಲಿನಲ್ಲಿ ಲಂಗರು ಬೇರುಗಳ ಮೇಲೆ ಕೂತು ಹಿಡಿದಂತೆ ನಟಿಸುತ್ತದೆ, ಹುಲ್ಲುಗಾವಲೂ ಹಾಳಾಗುತ್ತದೆ. ಸಡಿಲ ಕೆಸರಿನಲ್ಲಿ ಮಾತ್ರ ಆತುರ ಬೇಡ. ಅಲ್ಲಿ ಲಂಗರು ತನ್ನ ತೂಕಕ್ಕೆ ಇಳಿದು ಕೂರಲು ಅರ್ಧ ಗಂಟೆ ಬಿಟ್ಟು ಆಮೇಲೆ ಎಳೆಯಬೇಕು.

ಯಾವ ಲಂಗರು ಎಂಬ ಜಗಳ ಮುಗಿಯುವಂಥದ್ದಲ್ಲ. ಹಲವು ದಿನಗಳ ವಾಸಕ್ಕೆ ನಮ್ಮ ಅಭಿಪ್ರಾಯ ಸ್ಪಷ್ಟ: ಎಳೆತ ಹಿಂದುಮುಂದಾದಾಗ ತಾನೇ ತಿರುಗಿ ಮತ್ತೆ ಹೂತುಕೊಳ್ಳುವಂಥದ್ದು ಬೇಕು. ರೋಕ್ನಾ, ಸ್ಪೇಡ್ ಮೊದಲಾದ ಒಳಬಾಗಿದ ಅಲಗಿನ ಹೊಸ ಬಗೆಗಳು ಇದರಲ್ಲಿ ಮುಂದು. ಡ್ಯಾನ್‌ಫೋರ್ತ್ ಮಾದರಿಯ ಚಪ್ಪಟೆ ಲಂಗರು ಮರಳಿನಲ್ಲಿ ನೇರ ಎಳೆತಕ್ಕೆ ಅದ್ಭುತವಾಗಿ ಹಿಡಿಯುತ್ತದೆ. ಆದರೆ ಎಳೆತ ಎದುರು ದಿಕ್ಕಿಗೆ ಬಂದಾಗ ಕಿತ್ತು ಬಂದು, ಅದರ ಅಲಗು ತಿರುಗುವ ಸಂದಿನಲ್ಲೊಂದು ಕಲ್ಲೋ ಚಿಪ್ಪೋ ಸಿಕ್ಕಿಕೊಂಡರೆ, ತಳದ ಮೇಲೆ ಹಲಗೆಯಂತೆ ಜಾರುತ್ತ ಹೋಗುತ್ತದೆ. ಅದನ್ನು ಎರಡನೆಯ ಲಂಗರಾಗಿ ಇಟ್ಟುಕೊಳ್ಳುವುದೇ ಮೇಲು.

ಸರಪಳಿಯ ಭಾರವನ್ನು ಅದನ್ನು ಸುತ್ತಿ ಎತ್ತುವ ಯಂತ್ರವಾದ ವಿಂಡ್‌ಲಾಸಿನ ಮೇಲೆ ಬಿಟ್ಟು ಹೋಗುವವರಿದ್ದಾರೆ. ವಿಂಡ್‌ಲಾಸ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲುವುದಕ್ಕಲ್ಲ. 11 ಮೀಟರ್ ದೋಣಿಗೆ 12 ಮಿ.ಮೀ. ದಪ್ಪದ, 8ರಿಂದ 10 ಮೀಟರ್ ಉದ್ದದ ನೈಲಾನ್ ಹಗ್ಗವನ್ನು ಕೊಕ್ಕೆಯಿಂದ ಸರಪಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮುಂದಿನ ಕ್ಲೀಟಿಗೆ (ಹಗ್ಗ ಕಟ್ಟುವ ಗೂಟಕ್ಕೆ) ಕಟ್ಟಬೇಕು. ಆಮೇಲೆ ಸರಪಳಿಯನ್ನು ಇನ್ನೂ ಒಂದೆರಡು ಮೀಟರ್ ಸಡಿಲ ಬಿಟ್ಟರೆ ಭಾರವೆಲ್ಲ ಹಗ್ಗಕ್ಕೆ ಬರುತ್ತದೆ. ಸ್ನಬ್ಬರ್ ಅನ್ನುವುದು ಇದನ್ನೇ. ನೈಲಾನ್ ಹಿಗ್ಗಿ ಅಲೆಯ ಜಗ್ಗನ್ನು ನುಂಗಿಕೊಳ್ಳುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗದು. ಹಗ್ಗ ಅಂಚಿಗೆ ಉಜ್ಜುವಲ್ಲಿ ದಪ್ಪ ಬಟ್ಟೆಯ ಹೊದಿಕೆ ಹಾಕಿ. ನೀರಿನ ಪೈಪಿನ ತುಂಡು ಹಾಕುವ ಅಭ್ಯಾಸ ಅಷ್ಟು ಒಳ್ಳೆಯದಲ್ಲ. ಹಿಗ್ಗಿ ಕುಗ್ಗಿ ಕಾದ ನೈಲಾನಿನ ಬಿಸಿ ಅದರೊಳಗೇ ಉಳಿಯುತ್ತದೆ. ದಿನಕ್ಕೊಮ್ಮೆ ಹಗ್ಗವನ್ನು ಒಂದು ಗೇಣು ಹೊರಬಿಟ್ಟರೆ ಒಂದೇ ಜಾಗ ಸವೆಯುವುದು ತಪ್ಪುತ್ತದೆ. ಲಂಗರನ್ನೂ ಸರಪಳಿಯನ್ನೂ ಜೋಡಿಸುವ ಶ್ಯಾಕಲಿನ ತಿರುಪು ತಾನೇ ಬಿಚ್ಚಿಕೊಳ್ಳದಂತೆ ತಂತಿ ಬಿಗಿದಿರಲಿ. ಸರಪಳಿಯ ಒಳತುದಿಯನ್ನು ಅದನ್ನಿಡುವ ಪೆಟ್ಟಿಗೆಯೊಳಗಿನ ಗಟ್ಟಿ ಬಳೆಗೆ ಹಗ್ಗದಿಂದಲೇ ಕಟ್ಟಿರಬೇಕು, ಆ ಹಗ್ಗ ಡೆಕ್ಕಿನ ಮೇಲಕ್ಕೆ ಬರುವಷ್ಟು ಉದ್ದವಿರಬೇಕು. ಬೇರೆ ದಾರಿಯಿಲ್ಲದಾಗ ಚಾಕುವಿನಿಂದ ಕಡಿದು ಪಾರಾಗಬಹುದು.

ದಿನ ಕಳೆದಂತೆ ಏನಾಗುತ್ತದೆ ಎಂಬುದು ಹೆಚ್ಚಿನವರು ಯೋಚಿಸದ ಸಂಗತಿ. ಸೆಳೆತ ಸುಮಾರು ಆರೂಕಾಲು ಗಂಟೆಗೊಮ್ಮೆ ದಿಕ್ಕು ಬದಲಿಸುವ ಬಂದರಿನಲ್ಲಿ ಐದು ದಿನಕ್ಕೆ ದೋಣಿ ಸುಮಾರು 19 ಸಲ ತಿರುಗಿರುತ್ತದೆ. ಪ್ರತಿ ಸಲವೂ ಲಂಗರು ಒಂದಿಷ್ಟು ಹೊರಳುತ್ತದೆ, ಸರಪಳಿ ತಿರುಚಿಕೊಳ್ಳುತ್ತದೆ ಅಥವಾ ತಳದ ಬಂಡೆಗೆ, ಯಾರೋ ಬಿಟ್ಟುಹೋದ ಹಳೆಯ ಸರಪಳಿಗೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡಾಗ 40 ಮೀಟರ್ ಬಿಟ್ಟದ್ದು 15 ಮೀಟರಿನಂತೆ ನಡೆದುಕೊಳ್ಳುತ್ತದೆ. ದೋಣಿ ನೆರೆಯವರ ಜತೆ ತಿರುಗದೆ ಗಿಡ್ಡ ಹಗ್ಗಕ್ಕೆ ಕಟ್ಟಿದಂತೆ ಜಗ್ಗತೊಡಗಿದರೆ ಇದೇ ಕಾರಣ. ನೀರು ತಿಳಿಯಾಗಿದ್ದರೆ ಮುಳುಗಿ ನೋಡಿ. ಇಲ್ಲವಾದರೆ ಎರಡು ಮೂರು ದಿನಕ್ಕೊಮ್ಮೆ, ಮೆಲುಗಾಳಿಯ ಹಗಲು ಹೊತ್ತಿನಲ್ಲಿ, ಲಂಗರು ಎತ್ತಿ ಮತ್ತೆ ಹಾಕಿ. ತುಂಬ ಶ್ರಮವೆನ್ನಿಸೀತು, ಆದರೆ ನಡುರಾತ್ರಿ ಮಳೆಯಲ್ಲಿ ಅದೇ ಕೆಲಸ ಮಾಡುವುದಕ್ಕಿಂತ ಹಗುರ. ಗಾಳಿ ದಿಕ್ಕು ಬದಲಿಸುವ ಮುನ್ಸೂಚನೆ ಇದ್ದರೆ, ಹೊಸ ದಿಕ್ಕಿನಲ್ಲಿ ನಿಮ್ಮ ಹಿಂದೆ ದಡವೋ ಮತ್ತೊಂದು ದೋಣಿಯೋ ಬರುತ್ತದೆಯೇ ಎಂದು ಮುಂಚೆಯೇ ಲೆಕ್ಕ ಹಾಕಿ.

ಎರಡು ಲಂಗರು ಹಾಕಿದರೆ ಇನ್ನೂ ಭದ್ರವಲ್ಲವೇ ಎಂದು ಕೇಳುವವರುಂಟು. ಮೂತಿಯಿಂದಲೇ ಎರಡು ಲಂಗರುಗಳನ್ನು ಸೆಳೆತದ ಎರಡು ದಿಕ್ಕಿಗೆ ಎದುರುಬದುರಾಗಿ ಹಾಕುವ ಬಹಾಮಿಯನ್ ಪದ್ಧತಿ ಕಿರಿದಾದ, ಸೆಳೆತವಿರುವ ಕಾಲುವೆಗೆ ಸೊಗಸು: ದೋಣಿ ಹೆಚ್ಚುಕಡಿಮೆ ಇದ್ದಲ್ಲೇ ತಿರುಗುತ್ತದೆ. ಆದರೆ ಸುತ್ತಲಿನವರೆಲ್ಲ ಒಂದೇ ಲಂಗರಿನಲ್ಲಿ ಅಲೆಯುತ್ತಿರುವಾಗ ನೀವೊಬ್ಬರೇ ಕದಲದೆ ನಿಂತರೆ ಅವರು ಬಂದು ನಿಮಗೇ ಬಡಿಯುತ್ತಾರೆ. ಎರಡು ಸರಪಳಿ ಒಂದಕ್ಕೊಂದು ಹೆಣೆದುಕೊಳ್ಳುವುದು ಬೇರೆ. ಮುಂದೊಂದು ಹಿಂದೊಂದು ಲಂಗರು ಹಾಕಿ ನಿಂತ ದೋಣಿ ಪಕ್ಕದಿಂದ ಬೀಸುವ ಗಾಳಿಗೆ ಪೂರ್ತಿ ಮೈಯೊಡ್ಡುತ್ತದೆ, ಹಿಡಿತದ ಮೇಲೆ ಎಲ್ಲಿಲ್ಲದ ಭಾರ ಬೀಳುತ್ತದೆ. ಎಲ್ಲರೂ ಹಾಗೆ ನಿಂತಿದ್ದರೆ ನೀವೂ ಹಾಗೆ. ಇಲ್ಲವಾದರೆ ಒಂದೇ ದೊಡ್ಡ ಲಂಗರು.

ದೋಣಿ ಜಾರಿದರೆ ಎಚ್ಚರಿಸುವ ಜಿಪಿಎಸ್ ಅಲಾರಂ ಇಡುವವರು ಅದರ ಕೇಂದ್ರವನ್ನು ಲಂಗರು ತಳ ಮುಟ್ಟಿದ ಕ್ಷಣದಲ್ಲೇ ಗುರುತಿಸಬೇಕು; ದೋಣಿ ನಿಂತ ಮೇಲೆ ಗುರುತಿಸಿದರೆ ಚಕ್ರವೇ ತಪ್ಪುತ್ತದೆ. ಮೇಲಿನ ಲೆಕ್ಕದ ದೋಣಿಗೆ 60 ಮೀಟರ್ ತ್ರಿಜ್ಯ ಸರಿ. ಆದರೆ ನೆರೆಯ ದೋಣಿ 30 ಮೀಟರಿನಲ್ಲಿದ್ದರೆ ಡಿಕ್ಕಿಯಾದ ಮೇಲೇ ಅಲಾರಂ ಕೂಗೀತು, ಹಾಗಾಗಿ ದಡದ ಗೆರೆ ನೋಡುವ ಅಭ್ಯಾಸ ಬಿಡಬೇಡಿ. ಫೋನಿನಲ್ಲಿ ಅಲಾರಂ ಇಟ್ಟವರು ಬ್ಯಾಟರಿ ಉಳಿಸುವ ವ್ಯವಸ್ಥೆಯನ್ನು ನಿಲ್ಲಿಸಿರಬೇಕು, ಇಲ್ಲದಿದ್ದರೆ ನಿಮಗಿಂತ ಮೊದಲು ಅದೇ ನಿದ್ದೆ ಹೋಗುತ್ತದೆ. 1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳ 30ನೇ ನಿಯಮದಂತೆ ಲಂಗರು ಹಾಕಿದ ದೋಣಿಗೆ ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ, ಹಗಲು ಮುಂಭಾಗದಲ್ಲಿ ಕಪ್ಪು ಗುಂಡು ಇರಬೇಕು. ದೀಪ ಹಾಕುವವರು ಬಹಳ, ಗುಂಡು ಕಟ್ಟುವವರು ವಿರಳ. ದೋಣಿ ಬಿಟ್ಟು ದಡಕ್ಕೆ ಹೋಗುವಾಗಲೂ ಎಂಜಿನ್ ಕೀಲಿ ಎಲ್ಲಿದೆಯೆಂದು ನಂಬಿಕೆಯ ನೆರೆಯವರಿಗೆ ತಿಳಿಸಿ ಹೋಗಿ.

ಹೊರಡುವ ದಿನ ಲಂಗರಿನ ಜತೆ ಬೇರೆಯವರ ಸರಪಳಿಯೂ ಮೇಲೆ ಬಂದರೆ ಗಾಬರಿ ಬೇಡ, ಎಳೆದಾಡುವುದಂತೂ ಬೇಡವೇ ಬೇಡ. ಅದನ್ನು ಕೈಗೆಟಕುವವರೆಗೆ ಎತ್ತಿ, ಅದರ ಅಡಿಯಿಂದ ಒಂದು ಹಗ್ಗ ತೂರಿಸಿ ಎರಡೂ ತುದಿಗಳನ್ನು ಕ್ಲೀಟಿಗೆ ಕಟ್ಟಿ. ನಂತರ ನಿಮ್ಮ ಲಂಗರನ್ನು ಒಂದು ಮೀಟರಿನಷ್ಟು ಕೆಳಗಿಳಿಸಿದರೆ ಅದು ಬಿಡಿಸಿಕೊಳ್ಳುತ್ತದೆ. ಲಂಗರನ್ನು ಪೂರ್ತಿ ಮೇಲೆತ್ತಿಕೊಂಡು, ಆ ಸರಪಳಿಯ ಯಜಮಾನರಿಗೆ ಕೂಗಿ ಹೇಳಿ, ಆಮೇಲೆ ಹಗ್ಗದ ಒಂದು ತುದಿ ಬಿಡಿ. ಬೆರಳುಗಳು ಸರಪಳಿಗೂ ರೋಲರಿಗೂ ನಡುವೆ ಇರದಂತೆ ನೋಡಿಕೊಳ್ಳಿ.

ಇತಿ,
ಇಬ್ಬರು ಹಾಯಿದೋಣಿ ಚಾಲಕರು